ನಡುವಿನ ಸೀಟು

ನಮ್ಮೂರಲ್ಲಿ ಒಂದೇ ಒಂದು ಸೀಟು ಖಾಲಿ ಇದ್ದರೂ ಗಾಡಿ ಹೊರಡುವುದಿಲ್ಲ. ಡೀಸೆಲ್ ತುಂಬಿರಲಿ, ಬ್ಯಾಟರಿ ಹೊಸದಿರಲಿ, ಡ್ರೈವರು ಎಂಥ ಗತ್ತಿನವನೇ ಇರಲಿ, ಕೀಲಿ ತಿರುಗಿಸಿದರೆ ಇಂಜಿನ್ನು ಕೆಮ್ಮುವುದೂ ಇಲ್ಲ. ಸೀಟಿನ ಮೇಲೆ ಅಕ್ಕಿ ಮೂಟೆ ಇಟ್ಟು ನೋಡಿದವರಿದ್ದಾರೆ, ಕುರಿ ಕೂರಿಸಿ ನೋಡಿದವರಿದ್ದಾರೆ. ಸೀಟನ್ನೇ ಬಿಚ್ಚಿ ಹಿತ್ತಲಿಗೆ ಎಸೆದು ನೋಡಿದವರೂ ಇದ್ದಾರೆ. ಬಿಚ್ಚಿದ ಜಾಗವೂ ಖಾಲಿಯೇ ತಾನೇ. ಹಾಗಾಗಿ ನಮ್ಮಲ್ಲಿ ಸೈಕಲ್ಲು ಜಾಸ್ತಿ, ಬ್ರಹ್ಮಚಾರಿಗಳು ಕಮ್ಮಿ. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತಾ, ಹಾಡು ಬರುತ್ತಾ ಎಂದು ಕೇಳುವುದಿಲ್ಲ. ಪ್ರಯಾಣದಲ್ಲಿ ವಾಂತಿ ಆಗುತ್ತಾ ಎಂದು ಕೇಳುತ್ತಾರೆ. ನನಗೆ ಆಗುತ್ತಿತ್ತು. ಆಗಲ್ಲ ಎಂದು ನಮ್ಮಪ್ಪ ಸುಳ್ಳು ಹೇಳಿ ಮದುವೆ ಮಾಡಿದರು.

ನನ್ನ ಗಂಡ ರಾಚಪ್ಪ. ಇನ್ನು ಮುಂದೆ ಇವರು ಅಂತಲೇ ಹೇಳುತ್ತೇನೆ, ಹೆಸರು ಹಿಡಿದು ಅಭ್ಯಾಸವಿಲ್ಲ. ಇವರದು ಶಾಮಿಯಾನದ ವ್ಯಾಪಾರ. ಮದುವೆಗೆ, ತಿಥಿಗೆ, ನಾಮಕರಣಕ್ಕೆ ಚಪ್ಪರದ ಬಟ್ಟೆ, ಕಂಬ, ಕುರ್ಚಿ, ದೊಡ್ಡ ಪಾತ್ರೆ ಬಾಡಿಗೆಗೆ ಕೊಡುವುದು. ಹಿಂದಿನ ತೊಟ್ಟಿಯಲ್ಲಿ ರಾಶಿ ಕುರ್ಚಿ ಖಾಲಿ ಇದ್ದರೆ ಪಿಕಪ್ಪಿಗೆ ಏನೂ ಅನ್ನಿಸುವುದಿಲ್ಲ, ಮುಂದೆ ಮಾತ್ರ ನಾನು ಕೂತಿರಬೇಕು. ಹಳೆಯ ಪಿಕಪ್ಪು ಎರಡು ಸೀಟಿನದು, ಮದುವೆಯಾದ ವರ್ಷ ತಂದದ್ದು. ಜ್ವರ ಬಂದಾಗಲೂ ಕೂತೆ, ಬಸುರಿಯಾದಾಗಲೂ ಕೂತೆ, ಮಗಳು ಹುಟ್ಟಿದ ಮೇಲೆ ಅವಳನ್ನು ತೊಡೆ ಮೇಲೆ ಹಾಕಿಕೊಂಡು ಕೂತೆ. ಇನ್ನೊಬ್ಬರ ಮನೆಯ ಮದುವೆಗೆ ಇಷ್ಟು ಸಲ ಹೋದ ಹೆಂಗಸು ಈ ಊರಲ್ಲಿ ನನ್ನ ಬಿಟ್ಟರೆ ಇಲ್ಲ. ಒಂದರಲ್ಲೂ ನೆಟ್ಟಗೆ ಊಟ ಮಾಡಲಿಲ್ಲ, ಅದು ಬೇರೆ ಮಾತು.

ಮಗಳು ಪಾರಿಜಾತ. ಪಾರಿ ಅನ್ನುತ್ತೇವೆ. ಅವಳಿಗೆ ಬುದ್ಧಿ ಬಂದಾಗಿನಿಂದ ಒಂದೇ ಮಾತು. "ಅಮ್ಮ, ನಂಗೆ ನಿಂತು ಮಾಡೋ ಕೆಲ್ಸ ಬೇಕು." ಶಾಲೆಯಲ್ಲಿ ಜಮೀನು ಅಳೆಯುವವರು ಬಂದು ಸರಪಳಿ ಎಳೆದು ಆಟದ ಮೈದಾನ ಅಳೆದು ತೋರಿಸಿದ್ದರಂತೆ. ಅವತ್ತಿಂದ ಸರ್ವೆ ಕೆಲಸ ಕಲಿಯಬೇಕು ಎಂಬ ಹುಚ್ಚು ಹಿಡಿಯಿತು. ಅದನ್ನು ಕಲಿಸುವ ಶಾಲೆ ನದಿ ಹರಿದುಹೋಗುವ ದಿಕ್ಕಿನ ಪಟ್ಟಣದಲ್ಲಿತ್ತು. "ಬೆಳಿಗ್ಗೆಯಿಂದ ಸಂಜೆ ತನಕ ನಡೀತಾನೇ ಇರ್ಬೇಕಂತೆ ಅಮ್ಮ" ಎನ್ನುವಾಗ ಅವಳ ಕಣ್ಣು ನೋಡಬೇಕಿತ್ತು. ಬೇರೆ ಹುಡುಗಿಯರು ಬಂಗಾರದ ಸರ ಕಂಡಾಗ ಹಾಗೆ ನೋಡುತ್ತಾರೆ. ನನಗಿದ್ದದ್ದು ಒಂದೇ ಆಸೆ. ನಾನು ಕೂತ ಹಾಗೆ ಇವಳು ಕೂರಬಾರದು. ದೇವರ ಮುಂದೆ ದೀಪ ಹಚ್ಚಿದಾಗಲೂ ಬೇರೆ ಏನೂ ಕೇಳುತ್ತಿರಲಿಲ್ಲ.

ಅವಳ ಊರಿನ ಶಾಲೆ ಮುಗಿಯುವ ಹೊತ್ತಿಗೆ ಹಳೆಯ ಪಿಕಪ್ಪಿನ ತಳ ತುಕ್ಕು ಹಿಡಿದು ಕಿತ್ತುಹೋಯಿತು. ಹೊಸದು ಕೊಳ್ಳಲೇಬೇಕಾಯಿತು. ಗಾಡಿ ಕೊಳ್ಳುವುದಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಎಷ್ಟು ಸೀಟಿನ ಕ್ಯಾಬು ಎನ್ನುವುದು ಗಂಡಸರ ಮಾತು. ಸೀಟಿಗೆ ಬಟ್ಟೆ ಹೊದಿಸಬೇಕೋ ರೆಕ್ಸಿನ್ನೋ ಎನ್ನುವುದು ಹೆಂಗಸರ ಮಾತು. ಒಬ್ಬರ ಮಾತಿನಲ್ಲಿ ಇನ್ನೊಬ್ಬರು ಬಾಯಿ ಹಾಕುವ ಹಾಗಿಲ್ಲ. ಮೆತ್ತಗಿರುವುದನ್ನು ಹೆಂಗಸರು ನೋಡಿಕೊಳ್ಳಲಿ ಎಂದು ಯಾರೋ ಬಿಟ್ಟುಕೊಟ್ಟದ್ದಿರಬೇಕು. ಆದರೆ ಬಟ್ಟೆಗೂ ರೆಕ್ಸಿನ್ನಿಗೂ ಇರುವ ವ್ಯತ್ಯಾಸ ಮೆತ್ತಗಿನದ್ದಲ್ಲ. ರೆಕ್ಸಿನ್ನಿಗೆ ಯಾರು ಕೂತರೂ ಒಂದೇ. ಬಟ್ಟೆ ಕೂತವರನ್ನು ಕಲಿಯುತ್ತದೆ. ಒಬ್ಬರೇ ಬಹಳ ದಿನ ಕೂತರೆ ಆಮೇಲೆ ಇನ್ನೊಬ್ಬರನ್ನು ಒಪ್ಪುವುದಿಲ್ಲ. ಔಷಧಿ ಅಂಗಡಿ ನಾಗಭೂಷಣರ ಕಾರಿಗೆ ಬಟ್ಟೆ ಸೀಟು. ಅವರ ಹೆಂಡತಿ ಕಾಮಾಲೆಯಾಗಿ ತೀರಿಕೊಂಡರು. ಆ ಸೀಟಿನಲ್ಲಿ ತಂಗಿ ಕೂತಳು, ಸೊಸೆ ಕೂತಳು, ಕೊನೆಗೆ ಎರಡನೇ ಹೆಂಡತಿಯನ್ನೂ ತಂದು ಕೂರಿಸಿದರು. ಆ ಕಾರು ಇವತ್ತಿಗೂ ಅಂಗಡಿ ಪಕ್ಕ ನಿಂತಿದೆ, ಮೇಲೆ ಹೀರೆಬಳ್ಳಿ ಹಬ್ಬಿದೆ. ಕಾಯಿ ಮಾತ್ರ ಚೆನ್ನಾಗಿ ಬಿಡುತ್ತದೆ.

ಶೋರೂಮಿಗೆ ಮೂವರೂ ನಡೆದುಕೊಂಡು ಹೋದೆವು. ಅಲ್ಲಿ ಗಾಡಿ ತೋರಿಸುವವನು ಧನಪಾಲ ಅಂತ, ನುಣ್ಣಗೆ ಬಾಚಿದ ತಲೆ, ಮಾತೂ ಅಷ್ಟೇ ನುಣುಪು. ಸಾಲಾಗಿ ನಿಲ್ಲಿಸಿದ್ದ. ಎರಡು ಸೀಟಿನ ಚಿಕ್ಕ ಕ್ಯಾಬು, ಮುಂದೆ ಒಂದೇ ಸಾಲಿನಲ್ಲಿ ಮೂರು ಸೀಟಿರುವ ನಡು ಕ್ಯಾಬು, ಐದು ಸೀಟಿನ ಡಬಲ್ ಕ್ಯಾಬು. ಐದು ಸೀಟಿನದನ್ನು ಇವರು ದೂರದಿಂದ ಒಮ್ಮೆ ನೋಡಿ ಕಣ್ಣು ಕಿತ್ತುಕೊಂಡರು. ಅದೆಲ್ಲ ಅಣ್ಣ ತಮ್ಮಂದಿರು ಒಟ್ಟಿಗಿರುವವರ ಗಾಡಿ. ನಾನು ಎರಡು ಸೀಟಿನದರ ಬಳಿ ಹೋಗಿ ನಿಂತುಕೊಂಡೆ. ಪದ್ಧತಿ ಪ್ರಕಾರ ಬಾಯಿ ಬಿಡುವ ಹಾಗಿರಲಿಲ್ಲ, ನಿಲ್ಲುವುದಕ್ಕೇನು ಅಡ್ಡಿ.

"ಚಿಕ್ಕ ಕ್ಯಾಬಿಗೆ ತೊಟ್ಟಿ ಉದ್ದ ಇರುತ್ತಣ್ಣ, ಕುರ್ಚಿ ಜಾಸ್ತಿ ಹಿಡಿಯುತ್ತೆ" ಎಂದ ಧನಪಾಲ. ಅವನ ಬಾಯಿಗೆ ಸಕ್ಕರೆ ಹಾಕಬೇಕು ಅನ್ನಿಸಿತು. ಅಷ್ಟರಲ್ಲಿ ಅವನೇ ಮುಂದುವರಿಸಿದ. "ಆದ್ರೆ ಮನೇಲಿ ಮೂರು ಜನ ಇದ್ದೀರಲ್ಲ."

ಇವರು ತಲೆ ಕೆರೆದುಕೊಂಡರು. "ಅದೇ ಯೋಚ್ನೆ."

ನಾನು ತಡೆಯಲಾರದೆ ಪಕ್ಕಕ್ಕೆ ಕರೆದೆ. "ರೀ, ಪಾರಿ ಓದೋಕೆ ಹೋಗ್ಬೇಕಲ್ಲ. ಎರಡು ಸೀಟಿಂದು ಸಾಕು."

"ನಂಗೂ ಗೊತ್ತು ಕಣೇ. ಮನೇಲಿ ಮೂರು ಜನ ಇಟ್ಕೊಂಡು ಎರಡು ಸೀಟಿನ ಗಾಡಿ ತಂದ್ರೆ ಊರವರು ಏನಂತಾರೆ? ಯಾರು ಸತ್ರು ಅಂತ ಕೇಳ್ತಾರೆ. ಅಂಥ ಗಾಡೀಲಿ ತಂದ ಕುರ್ಚಿ ಮೇಲೆ ಮದುವೆ ಗಂಡನ್ನ ಯಾರು ಕೂರಿಸ್ತಾರೆ?"

ಇದು ನಿಜ. ನಮ್ಮೂರಲ್ಲಿ ಮನೆಯ ತಲೆಗಿಂತ ಕಮ್ಮಿ ಸೀಟಿನ ಗಾಡಿ ತರುವುದೆಂದರೆ ಬದುಕಿರುವವರಿಗೆ ತಿಥಿ ಮಾಡಿದ ಹಾಗೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನುತ್ತಾರಲ್ಲ, ನಮ್ಮ ಹೊಟ್ಟೆಪಾಡು ಇದ್ದದ್ದೇ ಊರವರ ನೋಟದ ಮೇಲೆ. ಹಳೆಯ ಗಾಡಿ ಪಾರಿ ಹುಟ್ಟುವ ಮೊದಲು ತಂದದ್ದು, ಹಾಗಾಗಿ ಮಾತು ಬಂದಿರಲಿಲ್ಲ. ಇವರು ಮೂರು ಸೀಟಿನದರ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಅಂಗೈ ಇಟ್ಟರೆ ಮಾತು ಮುಗಿದ ಹಾಗೆ. ಪಾರಿ ಕತ್ತು ಬಗ್ಗಿಸಿಕೊಂಡು ನಿಂತಿದ್ದಳು.

"ಇನ್ನು ಸೀಟು ಅಕ್ಕೋರು ಹೇಳ್ಬೇಕು" ಎಂದು ಧನಪಾಲ ಎರಡು ತುಂಡು ತಂದು ಮೇಜಿನ ಮೇಲೆ ಹಾಸಿದ. ಒಂದು ನೀಲಿ ಹೂವಿನ ದಪ್ಪ ಬಟ್ಟೆ, ಮುಟ್ಟಿದರೆ ಕರುವಿನ ಕಿವಿಯ ಹಾಗೆ ಮೆತ್ತಗೆ. ಇನ್ನೊಂದು ಕಂದು ರೆಕ್ಸಿನ್ನು. ಪಾರಿಯ ಕೈ ತಾನಾಗಿಯೇ ಬಟ್ಟೆಯ ಕಡೆ ಹೋಯಿತು. ಬೆರಳಲ್ಲಿ ಸವರಿದಳು. "ರೆಕ್ಸಿನ್" ಎಂದೆ.

"ನಡುವಿನ ಸೀಟು ಇಂಜಿನ್ ಮೇಲೆ ಬರುತ್ತಕ್ಕ. ರೆಕ್ಸಿನ್ನು ಕಾದ ಕಾವಲಿ ಆಗುತ್ತೆ. ಮಗು ಕೂರೋದಲ್ವಾ?"

"ಕಾಯಲಿ. ರೆಕ್ಸಿನ್ನೇ ಇರಲಿ."

ಇವರು ನನ್ನ ಮುಖ ನೋಡಿದರು. ಯಾಕೆಂದು ಇವರಿಗೂ ತಿಳಿಯಿತು, ಪಾರಿಗೂ ತಿಳಿಯಿತು. ಮನೆಗೆ ಬಂದ ಮೇಲೆ ಜಗಳವೇ ಆಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಇವರು ಕೈಕಾಲು ತೊಳೆದು ಬಂದು ತಾವಾಗಿಯೇ ಮಾತೆತ್ತಿದರು. "ಹೊಸ ಗಾಡಿ. ಮೊದಲ್ನೇ ವರ್ಷ ಮನೆಯವರೇ ಕೂತ್ರೆ ಒಳ್ಳೇದು ಅಂತಾರೆ. ಒಂದು ವರ್ಷ ಕೂರ್ಲಿ. ಬರೋ ಮಳೆಗಾಲಕ್ಕೆ ಅವಳು ಹೋಗ್ಲಿ, ಅವಳ ಜಾಗಕ್ಕೆ ನೀಲಮ್ಮನ್ನ ಕೂರಿಸ್ಕೊಳೋಣ." ನೀಲಮ್ಮ ಪಕ್ಕದ ಮನೆಯವಳು, ಗಂಡ ಇಲ್ಲ, ಮಕ್ಕಳಿಲ್ಲ, ಊರು ಸುತ್ತುವುದೆಂದರೆ ಪ್ರಾಣ. ಕೇಳಿದ ಕೂಡಲೇ "ಕಿಟಕಿ ಪಕ್ಕ ಕೊಡ್ತೀಯೇನೇ ದಾಕ್ಷಿ?" ಎಂದು ನನ್ನನ್ನು ಕೇಳಿದಳು. ಪಟ್ಟಣದ ಸರ್ವೆ ಶಾಲೆಯವರೂ ಬರುವ ಮಳೆಗಾಲಕ್ಕೇ ಬರಲು ಹೇಳಿದರು. ಅವತ್ತು ಪಾರಿ ಅಡುಗೆಮನೆಯಲ್ಲಿ ನನ್ನ ಬೆನ್ನಿಗೆ ಹಣೆ ಒತ್ತಿಕೊಂಡು ನಿಂತಳು. ರೊಟ್ಟಿ ಸೀದುಹೋಯಿತು.

ಆ ವರ್ಷ ನಾವು ಮೂವರೂ ಸುಖವಾಗಿದ್ದೆವು ಎಂದರೆ ನಗಬೇಡಿ. ಇವರು ಸ್ಟೇರಿಂಗಿನ ಹಿಂದೆ, ಪಾರಿ ನಡುವೆ, ನಾನು ಕಿಟಕಿ ಪಕ್ಕ. ಮೊದಲೆಲ್ಲ ಕೂತರೆ ಹೊಟ್ಟೆ ತೊಳಸುತ್ತಿದ್ದ ನನಗೆ ಪಾರಿಯ ಭುಜ ತಗುಲಿದ್ದರೆ ಏನೂ ಆಗುತ್ತಿರಲಿಲ್ಲ. ಅವಳು ದಾರಿಯುದ್ದಕ್ಕೂ ಹೊಲಗಳ ಬದು ನೋಡಿ ಇದು ಇಷ್ಟು ಗುಂಟೆ, ಅದು ಇಷ್ಟು ಗುಂಟೆ ಎಂದು ಊಹೆ ಹೇಳುವಳು. ಇವರು ಬೇಕೆಂದೇ ತಪ್ಪು ಹೇಳಿ ಬೈಸಿಕೊಳ್ಳುವರು. ಮೂವರ ನಗುವಿಗೆ ಮುಂದಿನ ಗಾಜಿಗೆ ಹಬೆ ಹಿಡಿಯುತ್ತಿತ್ತು.

ಬೇಸಿಗೆ ಬಂತು. ಮದುವೆಗಳೆಲ್ಲ ಆಗಲೇ. ಧನಪಾಲ ಹೇಳಿದ ಮಾತು ಸುಳ್ಳಾಗಲಿಲ್ಲ, ನಡುವಿನ ಸೀಟು ಕಾವಲಿಯೇ ಆಯಿತು. ಪಾರಿಯ ತೊಡೆ ಹಿಂಭಾಗವೆಲ್ಲ ಕೆಂಪಗೆ ಬೊಬ್ಬೆ ಎದ್ದಿತು. ಕೊಬ್ಬರಿ ಎಣ್ಣೆ ಸವರುವಾಗ ಹಲ್ಲು ಕಚ್ಚಿಕೊಂಡು "ಇನ್ನೆಷ್ಟು ದಿನ ಬಿಡಮ್ಮ" ಎನ್ನುವಳು. ಒಂದು ಮಧ್ಯಾಹ್ನ ಕಂಬಗಳನ್ನು ತುಂಬಿಕೊಂಡು ಹೊರಡಬೇಕು, ಅವಳು ಕೂರಲು ಹೋಗಿ ಉಸ್ ಎಂದು ಎದ್ದುಬಿಟ್ಟಳು. ಇವರು ಹೆಗಲ ಮೇಲಿದ್ದ ಟವೆಲ್ ತೆಗೆದು, ಕೊಡವಿ, ನಾಲ್ಕು ಮಡಿಕೆ ಮಾಡಿ ಅವಳ ಸೀಟಿನ ಮೇಲೆ ಹಾಸಿದರು. "ಈಗ ಕೂತ್ಕೊ ನನ್ನವ್ವ" ಎಂದರು. ಇಡೀ ಸಂಸಾರದಲ್ಲಿ ಇವರು ನನಗೆಂದು ಏನನ್ನೂ ಹಾಸಿದವರಲ್ಲ. ಆದರೂ ಆ ಹೊತ್ತು ನನಗೆ ಇವರ ಮೇಲೆ ಬಹಳ ಪ್ರೀತಿ ಬಂತು. ಅವತ್ತಿಂದ ಆ ಟವೆಲ್ ಅಲ್ಲೇ ಉಳಿಯಿತು. ಇವರು ಹೆಗಲಿಗೆ ಬೇರೆ ತೆಗೆದುಕೊಂಡರು.

ಮಳೆಗಾಲ ಬಂತು. ಪಾರಿ ಹೊರಡುವ ದಿನ ಹತ್ತಿರವಾಯಿತು. ಟ್ರಂಕು ತುಂಬಿದ್ದಾಗಿತ್ತು. ನೀಲಮ್ಮನಿಗೆ ರೂಢಿಯಾಗಲಿ ಎಂದು ಒಂದು ಬೆಳಿಗ್ಗೆ ಅವಳನ್ನು ಕೂರಿಸಿಕೊಂಡು ಒಂದು ತಿಥಿ ಮನೆಗೆ ಪಾತ್ರೆ ಇಳಿಸಲು ಹೊರಟೆವು. ಅವಳು ತಲೆಗೆ ಹೂ ಬೇರೆ ಮುಡಿದು ಬಂದಿದ್ದಳು. ನಾನು ಮಾತು ಕೊಟ್ಟಿದ್ದೆ ಎಂದು ಕಿಟಕಿ ಪಕ್ಕ ಅವಳನ್ನೇ ಬಿಟ್ಟು ನಾನು ನಡುವೆ ಕೂತೆ. ಇವರು ಕೀಲಿ ತಿರುಗಿಸಿದರು. ಏನೂ ಇಲ್ಲ. ಇನ್ನೊಮ್ಮೆ ತಿರುಗಿಸಿದರು. ಇಳಿದು ಬ್ಯಾಟರಿ ನೋಡಿದರು. "ನೀಲಮ್ಮ, ನೆಟ್ಟಗೆ ಕೂತ್ಕೋಳಮ್ಮ" ಎಂದರು. ಅವಳು ದೇವರ ಮುಂದೆ ಕೂತ ಹಾಗೆ ಕೂತಳು. ಆಮೇಲೆ ಅವಳನ್ನು ನಡುವೆ ಕೂರಿಸಿ ನಾನು ಕಿಟಕಿಗೆ ಬಂದೆ. ಆಗಲೂ ಏನೂ ಇಲ್ಲ.

ಪಾರಿ ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತು ನೋಡುತ್ತಿದ್ದಳು. ಬಾಯಿ ಮುಕ್ಕಳಿಸಿ ಬಂದು "ಅತ್ತೆ, ಒಂದ್ನಿಮಿಷ ಇಳೀರಿ" ಎಂದು ನೀಲಮ್ಮನನ್ನು ಇಳಿಸಿ ತಾನು ನಡುವೆ ಹತ್ತಿ ಕೂತಳು. ಇವರು ಕೀಲಿ ಮುಟ್ಟಿದ್ದೇ ತಡ, ಇಂಜಿನ್ನು ಹೊಡೆದುಕೊಂಡಿತು. ಪಾರಿ ತಾನು ಕೂತಿದ್ದ ಟವೆಲ್ಲಿನ ಅಂಚನ್ನು ಹಿಡಿದೆತ್ತಿ ನೋಡಿದಳು. ಹಾಸಿದ್ದು ಕೂಡ ಬಟ್ಟೆಯೇ ಎಂದು ನಮ್ಮೂರಲ್ಲಿ ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ. ಬಟ್ಟೆ ಬೇಕಿದ್ದವರು ಶೋರೂಮಿನಲ್ಲೇ ಹಾಕಿಸಿಕೊಳ್ಳುತ್ತಿದ್ದರು, ರೆಕ್ಸಿನ್ನಿನವರು ಸುಮ್ಮನೆ ಸುಟ್ಟುಕೊಳ್ಳುತ್ತಿದ್ದರು.

ಆ ದಿನ ನಾನು ಇವರನ್ನು ಬೈಯಬಾರದ್ದೆಲ್ಲ ಬೈದೆ. ಬೇಕಂತಲೇ ಮಾಡಿದಿರಿ, ಮಗಳನ್ನು ಕಟ್ಟಿಹಾಕಲು ಹೀಗೆ ಮಾಡಿದಿರಿ ಎಂದೆ. ಇವರು ಜಗಲಿಯ ಮೇಲೆ ಕೂತು ಹೆಗಲಿನ ಟವೆಲ್ಲಿಗೆ ಮುಖ ಒತ್ತಿಕೊಂಡು ಅತ್ತರು. "ಮಗೂಗೆ ಸುಡ್ತಿತ್ತಲ್ಲೇ ದಾಕ್ಷಿ. ಸುಡ್ತಿತ್ತು ಅಂತ ಹಾಸ್ದೆ. ನಂಗೇನ್ ಗೊತ್ತಿತ್ತು?" ಅಳುವ ಗಂಡಸನ್ನು ನಾನು ಬಹಳ ನೋಡಿದ್ದೇನೆ, ತಿಥಿ ಮನೆಗಳಲ್ಲಿ. ಯಾರದು ಸುಳ್ಳು, ಯಾರದು ನಿಜ ಎಂದು ತಿಳಿಯುತ್ತದೆ. ಇವರದು ನಿಜವೇ ಆಗಿತ್ತು. ಕುತಂತ್ರ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು, ಶಾಪ ಹಾಕಲಿಕ್ಕಾದರೂ ಒಬ್ಬರು ಸಿಗುತ್ತಿದ್ದರು.

ಟವೆಲ್ ಒಗೆದೆವು, ಆಮೇಲೆ ಸುಟ್ಟೆವು. ಕುಶನ್ ಅಂಗಡಿಯವನನ್ನು ಕರೆಸಿ ನಡುವಿನ ಸೀಟಿನ ರೆಕ್ಸಿನ್ನು, ಸ್ಪಂಜು ಎಲ್ಲ ಕೀಳಿಸಿ ಹೊಸದು ಹೊದಿಸಿದೆವು. ನೀಲಮ್ಮ ಪ್ರತಿ ಸಲವೂ ಬಂದು ಕೂತಳು, ಪ್ರತಿ ಸಲವೂ ತನ್ನದೇ ತಪ್ಪೇನೋ ಎಂಬಂತೆ ಇಳಿದಳು. ಒಮ್ಮೆ ಕಲಿತದ್ದು ಮರೆಯುವುದು ಮನುಷ್ಯರಿಗೆ ಮಾತ್ರ ಬರುತ್ತದೆಯೋ ಏನೋ. ಮಾರೋಣ ಎಂದರೆ ಗಾಡಿಯ ಜೊತೆಗೆ ಪಾರಿಯನ್ನೂ ಮಾರಬೇಕಿತ್ತು. ಇನ್ನೊಂದು ಗಾಡಿ ತರುವ ಶಕ್ತಿ ನಮಗೆ ಈ ಜನ್ಮಕ್ಕಿರಲಿಲ್ಲ. ಪಾರಿ ಟ್ರಂಕಿನಿಂದ ಒಂದು ಲಂಗ ತೆಗೆದು ಉಟ್ಟುಕೊಂಡಳು, ಮಾರನೇ ದಿನ ಇನ್ನೊಂದು ತೆಗೆದಳು. ಹೀಗೇ ಬಿಟ್ಟರೆ ಟ್ರಂಕು ಖಾಲಿಯಾಗುತ್ತದೆ ಎಂದು ನನಗೆ ಹೆದರಿಕೆಯಾಯಿತು.

ಕಡೆಗೆ ಇವರೇ ತೀರ್ಮಾನ ಮಾಡಿದರು. ಊಟಕ್ಕೆ ಕೂತಾಗ ತಲೆ ಎತ್ತದೆ ಹೇಳಿದರು. "ನೀನು ಹೋಗವ್ವ. ಗಾಡಿ ಗುಜರಿಗೆ ಹಾಕ್ತೀನಿ. ನಾನು ಕೈಗಾಡೀಲಿ ಕುರ್ಚಿ ಹೊಡೀತೀನಿ. ನಮ್ಮಪ್ಪ ತಲೆ ಮೇಲೆ ಹೊತ್ತಿದ್ರು, ನಂಗೇನಾಗ್ಬೇಕು." ಪಾರಿ "ಬೇಡಪ್ಪ" ಎಂದಳು. "ನಾನು ಹೇಳಿದ್ದಷ್ಟು ಕೇಳು" ಎಂದರು. ನಾನು ಇವರ ತಟ್ಟೆಗೆ ಎರಡು ಸೌಟು ಜಾಸ್ತಿ ಸಾರು ಹಾಕಿದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಗುಜರಿ ಅಂಗಡಿ ಇರುವುದು ಬಸ್ ಸ್ಟ್ಯಾಂಡಿನ ಆಚೆ ಪಕ್ಕದಲ್ಲಿ. ಪಾರಿಯನ್ನು ಪಿಕಪ್ಪಿನಲ್ಲೇ ಕರೆದುಕೊಂಡು ಹೋಗುವುದು, ಟ್ರಂಕು ಬಸ್ಸಿಗೆ ಹಾಕುವುದು, ಅವಳು ಕೂತಿರುವಾಗಲೇ ಗಾಡಿಯನ್ನು ಗುಜರಿಯ ಬೇಲಿಯೊಳಗೆ ಬಿಡುವುದು, ಆಮೇಲೆ ಅವಳು ಬಂದು ಬಸ್ಸು ಹತ್ತುವುದು. ಹೀಗೆಂದು ಮಾತಾಗಿತ್ತು. ನೀಲಮ್ಮ ಕಳಿಸಿಕೊಡಲು ಮುಂಚೆಯೇ ನಡೆದು ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು. ನಮ್ಮೂರ ಬಸ್ಸುಗಳಿಗೆ ಹೊತ್ತು ಗೊತ್ತು ಇಲ್ಲ, ತುಂಬಿದಾಗ ಹೊರಡುತ್ತವೆ. ನಾವು ಹೋದಾಗ ಪಟ್ಟಣದ ಬಸ್ಸು ಒಂದು ಸೀಟು ಬಿಟ್ಟರೆ ಆಗಲೇ ತುಂಬಿತ್ತು. ಇವರು ಟ್ರಂಕು ಇಳಿಸಲು ಬಸ್ ಸ್ಟ್ಯಾಂಡಿನ ಗೇಟಿನ ಬಾಯಲ್ಲೇ ಗಾಡಿ ನಿಲ್ಲಿಸಿದರು. ಕೂಲಿಯವನು ಟ್ರಂಕನ್ನು ಬಸ್ಸಿನ ಮೇಲೆ ಎಸೆದ.

"ಒಂದೇ ಸೀಟಿದೆ, ಬರೋರು ಬೇಗ ಬನ್ನಿ, ಇಲ್ಲಾಂದ್ರೆ ಹಿಂದಿನೋರನ್ನ ಹತ್ತಿಸ್ತೀನಿ" ಎಂದು ಕಂಡಕ್ಟರು ಕೂಗಿದ. ಬೆಳಗಿನಿಂದ ಕಾದವರು ಒಳಗಿಂದ ಗೊಣಗುತ್ತಿದ್ದರು. ನಾನು ಗಾಬರಿಯಲ್ಲಿ ಬಾಗಿಲು ತೆಗೆದು ಇಳಿದೆ. ಪಾರಿ ನೆಗೆದಳು, ನನ್ನನ್ನೊಮ್ಮೆ ತಬ್ಬಿಕೊಂಡಳು, ಅಪ್ಪನ ಕಡೆ ಕೈ ಎತ್ತಿದಳು, ಓಡಿ ಹೋಗಿ ಬಸ್ಸಿನೊಳಗೆ ಕೂತಳು. ಬಸ್ಸಿನ ಇಂಜಿನ್ನು ಶುರುವಾಯಿತು. ಕಿಟಕಿಯಲ್ಲಿ ಅವಳ ಮುಖ ಕಂಡಿತು. ಅಳುತ್ತಿದ್ದಳು, ನಗುತ್ತಲೂ ಇದ್ದಳು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾದದ್ದನ್ನು ನಾನು ಇನ್ನೊಂದು ಕಂಡಿಲ್ಲ.

ಬಸ್ಸು ಗೇಟಿನ ತನಕ ಬಂದು ಹಾರನ್ ಹೊಡೆಯಿತು. ಗೇಟಿನ ಬಾಯಲ್ಲಿ ನಮ್ಮ ಪಿಕಪ್ಪು. ನಾನು ಹತ್ತಿ ಕೂತೆ, ಇವರು ಕೀಲಿ ತಿರುಗಿಸಿದರು, ಆಗ ನೆನಪಾಯಿತು. ಅವಸರದಲ್ಲಿ ಮೂವರೂ ಮರೆತಿದ್ದೆವು. ಬಸ್ಸಿನವರು ಮೊದಲು ನಕ್ಕರು. ಆಮೇಲೆ ಇಳಿದು ಬಂದು ತಳ್ಳಿದರು. ಸೀಟು ಖಾಲಿಯಿದ್ದರೆ ನಮ್ಮಲ್ಲಿ ಚಕ್ರವೂ ಉರುಳುವುದಿಲ್ಲ, ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಆದರೂ ತಳ್ಳಿದರು. ಆಮೇಲೆ ಬೈಯಲು ಶುರು ಮಾಡಿದರು. "ಏನಯ್ಯಾ, ಬುದ್ಧಿ ನೆಟ್ಟಗಿದೆಯಾ? ಯಾರನ್ನಾದ್ರೂ ಕೂರ್ಸಿ ತೆಗಿ." ನೀಲಮ್ಮ "ಅದು ಬೇರೆಯವರನ್ನ ಒಪ್ಪಲ್ಲ ಕಣ್ರಪ್ಪ" ಎಂದಳು. ಯಾರೋ ಒಬ್ಬ ಇವರ ಅಂಗಿಯ ಕತ್ತುಪಟ್ಟಿಗೆ ಕೈ ಹಾಕಿದ. ಇವರು ಸ್ಟೇರಿಂಗು ಹಿಡಿದುಕೊಂಡು ಮುಂದಿನ ಗಾಜನ್ನೇ ನೋಡುತ್ತಾ ಕೂತಿದ್ದರು.

ಪಾರಿ ಬಸ್ಸಿನಿಂದ ಇಳಿದಳು. ಕಂಡಕ್ಟರಿಗೆ ಒಂದು ನಿಮಿಷ ಎಂದು ಬೆರಳು ತೋರಿಸಿ "ಅಣ್ಣ, ಇದನ್ನ ಪಕ್ಕಕ್ಕೆ ಹಾಕಿ ಬಂದ್ಬಿಟ್ಟೆ, ನನ್ನ ಸೀಟು ಇಟ್ಟಿರಿ" ಎಂದಳು. ಓಡಿ ಬಂದು ನನ್ನ ಮೊಣಕಾಲು ದಾಟಿ ನಡುವೆ ಕೂತಳು. ಪಿಕಪ್ಪು ಮೊದಲ ಕೀಲಿಗೇ ಹೊರಟಿತು. ಗುಜರಿಯ ಬೇಲಿಯ ಪಕ್ಕಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ಹಿಂದೆ ಬಸ್ಸಿನ ಸದ್ದಾಯಿತು. ಬೆಳಗಿನಿಂದ ಕಾದವರಿಗೆ ಇನ್ನೊಂದು ಗಳಿಗೆ ಕಾಯುವ ವ್ಯವಧಾನ ಇರಲಿಲ್ಲ, ಅವಳ ಸೀಟಿಗೆ ಯಾರನ್ನೋ ಎಳೆದು ಕೂರಿಸಿಕೊಂಡಿದ್ದರು. ನಮ್ಮನ್ನು ದಾಟಿಕೊಂಡು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ, ಇದು ಬಾಯೊಳಗಿಂದ ತೆಗೆದುಕೊಂಡ ಹಾಗಾಯಿತು. ಮೇಲೆ ಪಾರಿಯ ಟ್ರಂಕು ಹೋಗುತ್ತಿತ್ತು.

ನಾನು ಇಳಿದು ಬಾಗಿಲು ಪೂರ್ತಿ ತೆಗೆದು ಹಿಡಿದೆ. "ಇಳಿ. ಮುಂದಿನ ಬಸ್ಸು ಸಂಜೆಗೆ ತುಂಬುತ್ತೆ. ಗಾಡಿ ಇಲ್ಲೇ ಇರ್ಲಿ. ಇಳಿ ಪಾರಿ."

ಅವಳು ಇಳಿಯಲಿಲ್ಲ. ಇವರೂ "ಹೋಗವ್ವ" ಎಂದರು. ಅವಳು ಇವರ ಕಡೆ ನೋಡದೆ ನನಗೆ ಹೇಳಿದಳು. "ಗಾಡಿ ಸ್ಟಾರ್ಟ್ ಆದಾಗ ಅಪ್ಪನ ಮುಖ ನೋಡಿದ್ಯಾ ಅಮ್ಮ?"

ನೋಡಿದ್ದೆ. ಅಷ್ಟು ಜನ ಬೈಯುತ್ತಿದ್ದಾಗ, ಮಗಳ ಬಸ್ಸು ಹಿಂದೆ ಕಾಯುತ್ತಿದ್ದಾಗ, ಇಂಜಿನ್ನು ಹೊಡೆದುಕೊಂಡ ಕೂಡಲೇ ಇವರ ಮುಖ ಅರಳಿತ್ತು. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು. ಇವರಿಗೂ ಗೊತ್ತಾಗಿರಬೇಕು, ಈಗ ತಲೆಯನ್ನು ಸ್ಟೇರಿಂಗಿನ ಮೇಲೆ ಇಟ್ಟುಬಿಟ್ಟಿದ್ದರು. ಕೈಗಾಡಿಯ ಮಾತು ಹೇಳಿದಾಗ ಮನಸಾರೆಯೇ ಹೇಳಿದ್ದರು, ಅದರಲ್ಲಿ ಸುಳ್ಳಿರಲಿಲ್ಲ. ಮುಖ ಅರಳಿದ್ದರಲ್ಲೂ ಸುಳ್ಳಿರಲಿಲ್ಲ.

"ನಾಳೆ ಮದುವೆ ಇದೆ. ಕುರ್ಚಿ ತುಂಬ್ಬೇಕು" ಎಂದಳು ಪಾರಿ. "ಹತ್ತಮ್ಮ, ಹೋ‍ಗೋಣ."

"ನಾನು ಹತ್ತಲ್ಲ" ಎಂದೆ. ರಸ್ತೆಯಲ್ಲೇ ನಿಂತೆ. ಮದುವೆಯಾದಾಗಿನಿಂದ ಕೂತಿದ್ದ ಹೆಂಗಸು ನಾನು. ಒಂದು ದಿನ ಕೂರದಿದ್ದರೆ ಏನಾಗುತ್ತದೆ, ನನ್ನ ಕೈಯಲ್ಲಿದ್ದದ್ದು ಇದೊಂದೇ. "ನೀನು ಇಳಿಯೋ ತನಕ ನಾನು ಹತ್ತಲ್ಲ. ಅದು ಹ್ಯಾಗೆ ಹೋಗುತ್ತೋ ನೋಡ್ತೀನಿ. ಸಂಜೆ ಆಗ್ಲಿ, ನಾಳೆ ಆಗ್ಲಿ."

ಪಾರಿ ಬಹಳ ಹೊತ್ತು ನನ್ನನ್ನೇ ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ನನ್ನ ಹಿಂದೆ ಕಣ್ಣು ಹಾಯಿಸಿದಳು. ಅಲ್ಲಿ ಗಾಡಿಯ ಹಿಂದೆಯೇ ನಡೆದು ಬಂದಿದ್ದ ನೀಲಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು.

"ಅತ್ತೆ, ನೀವು ಬನ್ನಿ. ಕಿಟಕಿ ಪಕ್ಕ" ಎಂದಳು.

ನೀಲಮ್ಮ ನನ್ನ ಮುಖ ನೋಡಿದಳು. "ಮಗು ಕರೀತಿದೆ ಕಣೇ ದಾಕ್ಷಿ" ಎಂದು ತಪ್ಪಿತಸ್ಥಳ ಹಾಗೆ ನನ್ನ ಪಕ್ಕದಿಂದ ಹಾದುಹೋಗಿ ನನ್ನ ಜಾಗದಲ್ಲಿ ಕೂತಳು. ಕಿಟಕಿ ಪಕ್ಕದ್ದು ನಾನೇ ಆರಿಸಿದ ರೆಕ್ಸಿನ್ನು, ಅದರ ಮೇಲೆ ಯಾರೂ ಏನೂ ಹಾಸಿರಲಿಲ್ಲ. ಗಾಡಿ ತಕ್ಷಣ ಹೊರಟಿತು.

ನಾನು ನಡೆದುಕೊಂಡು ಮನೆಗೆ ಬಂದೆ. ಮಳೆ ಬಿಟ್ಟು ಬಿಸಿಲು ಜೋರಾಗಿತ್ತು. ದಾರಿಯಲ್ಲಿ ಯಾರೋ "ಏನು ದಾಕ್ಷಾಯಣಮ್ಮ, ಇವತ್ತು ಕೂರಲಿಲ್ವಾ?" ಎಂದು ಕೇಳಿದರು. ಮನೆ ಮುಂದೆ ಪಿಕಪ್ಪಿಗೆ ಕುರ್ಚಿ ತುಂಬಿ ಹಗ್ಗ ಬಿಗಿದಾಗಿತ್ತು. ಇವರು ಜಗಲಿಯ ಮೇಲೆ ಮಲಗಿದ್ದರು, ನೀಲಮ್ಮ ತನ್ನ ಮನೆಗೆ ಹೋಗಿದ್ದಳು. ಮದುವೆ ಇದ್ದದ್ದು ಮರುದಿನ, ಅವತ್ತು ಇನ್ನೆಲ್ಲಿಗೂ ಹೊರಡುವುದಿರಲಿಲ್ಲ. ಪಾರಿ ಬಾಗಿಲು ಹಾಕಿಕೊಂಡು ನಡುವಿನ ಸೀಟಿನಲ್ಲಿ ಕೂತಿದ್ದಳು.